ಬಾಯ್ಲರ್ ಮನೆಯ ಕೊನೆಯ ಪಾಳಿ

ಮಿಲ್ಲಿನ ಚಿಮ್ನಿಯಿಂದ ಹೊಗೆ ಏಳುವುದನ್ನು ನೋಡಿ ಹಗ್ಗದ ಆಚೆ ನಿಂತ ಜನ ಚಪ್ಪಾಳೆ ತಟ್ಟಿದರು. ಬೆಳಗ್ಗೆಯಿಂದ ಕಾದು ನಿಂತವರು ಅವರು. ಕೆಲವರು ಮಡಚುವ ಕುರ್ಚಿ ತಂದಿದ್ದರು, ಕೆಲವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು, ಎಲ್ಲರ ಕೈಯಲ್ಲೂ ಫೋನು ಮೇಲೆದ್ದಿತ್ತು. ಇಷ್ಟು ವರ್ಷ ತಣ್ಣಗೆ ನಿಂತಿದ್ದ ಚಿಮ್ನಿಯನ್ನು ಉರುಳಿಸುವ ಮುಂಚೆ ಒಂದು ಸಲ ಹೊಗೆ ಬಿಡಿಸಿ ತೋರಿಸುತ್ತಿದ್ದಾರೆ, ಒಳ್ಳೆಯ ಏರ್ಪಾಡು ಎಂದು ಅವರ ಲೆಕ್ಕ. ಮಿಲ್ಲು ಮುಚ್ಚಿ ಸಾವಿರ ಜನ ಬೀದಿಗೆ ಬಿದ್ದಾಗ ಈ ಕಡೆ ತಲೆ ಹಾಕಿಯೂ ಮಲಗದಿದ್ದ ಊರು, ಅದು ಬೀಳುತ್ತದೆ ಎಂದ ಕೂಡಲೇ ಹತ್ತಿರದ ನೆಂಟರ ಮದುವೆಗೆ ಬಂದ ಹಾಗೆ ಬಂದು ಸೇರಿತ್ತು.

ಚಪ್ಪಾಳೆ ತಟ್ಟದೆ ಸುಮ್ಮನಿದ್ದವರು ಮಿಲ್ಲಿನ ಹಳಬರು. ಗೋಡೆಗೆ ಒರಗಿ ನಿಂತಿದ್ದ ಆ ನಾಲ್ಕಾರು ಮುದುಕರು ಮುಖ ಮುಖ ನೋಡಿಕೊಂಡರು. ಹೊಗೆ ಬರಬೇಕಾದರೆ ಕೆಳಗೆ ಬಾಯ್ಲರಿನ ಒಲೆ ಉರಿಯಬೇಕು, ಒಲೆ ಉರಿಯಬೇಕಾದರೆ ಹಚ್ಚಿದ ಮನುಷ್ಯ ಒಳಗಿರಬೇಕು. ಆ ಮನುಷ್ಯ ಯಾರು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮಿಲ್ಲಿನ ಬಾಯ್ಲರ್ ಕೆಲಸದವರಲ್ಲಿ ಇನ್ನೂ ಬದುಕಿದ್ದವನು ಒಬ್ಬನೇ.

ಅವನ ಮಗಳು ಆ ಹೊಗೆಯನ್ನು ನೋಡಿದ್ದು ಶಾಲೆಯ ಹಿಂದಿನ ಓಣಿಯಿಂದ. ಮಿಲ್ಲಿನ ಸುತ್ತಲಿನ ಮನೆಗಳನ್ನೆಲ್ಲ ಬೆಳಗ್ಗೆಯೇ ಖಾಲಿ ಮಾಡಿಸಿ, ಜನರನ್ನು ಶಾಲೆಗೆ ತಂದು ಕೂರಿಸಿದ್ದರು. ಅಪ್ಪನನ್ನು ಮೂಲೆಯ ಬೆಂಚಿನ ಮೇಲೆ ಕೂರಿಸಿ, ಒಂದು ಕಣ್ಣಿಟ್ಟಿರಿ ಎಂದು ಪಕ್ಕದ ಮನೆಯ ಅತ್ತಿಗೆಗೆ ಹೇಳಿ, ಅವಳು ಚಹಾ ತರಲು ಹೋಗಿದ್ದಳು. ಎರಡು ಲೋಟ ಹಿಡಿದು ಬರುವಷ್ಟರಲ್ಲಿ ಬೆಂಚು ಖಾಲಿಯಾಗಿತ್ತು. ಅತ್ತಿಗೆ ಈಗ ಇಲ್ಲೇ ಇದ್ದರಲ್ಲ ಎಂದು ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು, ಪಾಪ, ಅವರ ಮುಖವೂ ಕಪ್ಪಿಟ್ಟಿತ್ತು. ಅಲ್ಲಿಂದ ಅವಳು ಓಣಿ ಓಣಿ ಸುತ್ತಿ, ಕಂಡ ಕಂಡವರನ್ನೆಲ್ಲ ಕೇಳಿ, ಗಂಟಲು ಒಣಗಿ ಒಂದು ತಿರುವಿನಲ್ಲಿ ನಿಂತಾಗ ತಲೆಯೆತ್ತಿ ನೋಡಿದಳು. ಚಿಮ್ನಿಯಿಂದ ಹೊಗೆ ಏಳುತ್ತಿತ್ತು. ಹುಡುಕುವುದನ್ನು ಬಿಟ್ಟು ಅವಳು ಮಿಲ್ಲಿನ ಕಡೆಗೆ ಓಡಿದಳು.

ಮಿಲ್ಲಿನ ಜಾಗದಲ್ಲಿ ಅಂಗಡಿಗಳು, ಸಿನಿಮಾ, ಮನೆಗಳ ದೊಡ್ಡ ಗೋಪುರ ಏಳುತ್ತವಂತೆ. ಮಿಲ್ಲಿನ ನೆನಪಿಗೆಂದು ಮುಂಬಾಗಿಲಿನ ಕಮಾನನ್ನೂ ಅದರ ಮೇಲಿನ ಗಡಿಯಾರವನ್ನೂ ಉಳಿಸಿಕೊಳ್ಳುತ್ತಾರಂತೆ. ಮಿಲ್ಲು ನಡೆಯುವಾಗಲೂ ಆ ಗಡಿಯಾರ ಸರಿಯಾದ ಹೊತ್ತು ತೋರಿಸಿದ್ದಿಲ್ಲ, ನೆನಪಿಗೆ ಅದನ್ನೇ ಆರಿಸಿದವರ ಜಾಣತನವನ್ನು ಮೆಚ್ಚಬೇಕು. ನೇಯ್ಗೆಯ ಶೆಡ್ಡುಗಳೆಲ್ಲ ಆಗಲೇ ನೆಲಸಮವಾಗಿದ್ದವು. ಉಳಿದದ್ದು ಚಿಮ್ನಿ, ಅದಕ್ಕೆ ಅಂಟಿಕೊಂಡ ಬಾಯ್ಲರ್ ಮನೆ, ಅದರೊಳಗೆ ತುಕ್ಕು ಹಿಡಿದು ಕೂತ ಬಾಯ್ಲರು. ಚಿಮ್ನಿ ಬಿದ್ದ ಮೇಲೆ ಅದನ್ನು ಗುಜರಿಯವರು ಕತ್ತರಿಸಿ ಒಯ್ಯುವುದೆಂದು ಮಾತಾಗಿತ್ತು.

ಅಪ್ಪ ದುಡಿದದ್ದೆಲ್ಲ ಆ ಬಾಯ್ಲರಿನ ಮುಂದೆ. ಎರಡು ವರ್ಷದಿಂದ ಅವನ ತಲೆ ಸ್ವಲ್ಪ ಸ್ವಲ್ಪವಾಗಿ ಖಾಲಿಯಾಗುತ್ತಿತ್ತು. ಮೊದಲು ಬೀಗದ ಕೈ ಮರೆತ, ಆಮೇಲೆ ಮನೆಯ ಓಣಿ ಮರೆತ, ಆಮೇಲೆ ಹೆಂಡತಿ ಸತ್ತದ್ದನ್ನು ಮರೆತು ಇವಳು ಇಷ್ಟು ಹೊತ್ತಾದರೂ ಬರಲಿಲ್ಲವಲ್ಲ ಎಂದು ಬಾಗಿಲಲ್ಲಿ ಕೂರತೊಡಗಿದ. ಕಳೆದ ಚಳಿಗಾಲದ ಒಂದು ಬೆಳಗ್ಗೆ ಮಗಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ನೀವು ಯಾರನ್ನು ನೋಡಲು ಬಂದಿರಿ ಎಂದು ಮರ್ಯಾದೆಯಿಂದ ಕೇಳಿದ. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ಆ ದಿನ ಅವಳು ಉಜ್ಜಿದ ಗಾಜೆಲ್ಲ ಹಾಳಾಯಿತು. ಅಂದಿನಿಂದ ಪ್ರತಿ ಸಂಜೆ ಅವನ ಮುಂದೆ ಕೂತು, ನಾನು ನಿನ್ನ ಮಗಳು ಎಂದು ಹೇಳಿಕೊಳ್ಳುತ್ತಿದ್ದಳು. ಅವನು ತಲೆಯಾಡಿಸಿ ಕೇಳುತ್ತಿದ್ದ, ಯಾರದೋ ಮನೆಯ ಸುದ್ದಿ ಕೇಳುವ ಹಾಗೆ. ಮನೆಯಲ್ಲಿ ಮೂರನೆಯವರು ಇರಲಿಲ್ಲ.

ಹಗ್ಗದ ಹತ್ತಿರ ತಡೆದ ಪೊಲೀಸಿನವನಿಗೆ, ಒಳಗಿರುವುದು ನಮ್ಮಪ್ಪ ಎಂದು ಅವಳು ಹೇಳಿದ್ದೇ ತಡ, ಅವನು ಅವಳ ತೋಳು ಹಿಡಿದು ಓಡಿಸಿಕೊಂಡೇ ಹೋದ. ಬಾಯ್ಲರ್ ಮನೆಯ ಬಾಗಿಲಿಗೆ ಸ್ವಲ್ಪ ದೂರದಲ್ಲಿ ಮರಳಿನ ಚೀಲಗಳ ಹಿಂದೆ ಬಿಳಿ ಹೆಲ್ಮೆಟ್ಟಿನವನೊಬ್ಬ ಕುಕ್ಕರುಗಾಲಲ್ಲಿ ಕೂತಿದ್ದ. ಚಿಮ್ನಿ ಉರುಳಿಸುವ ಸಿಡಿಮದ್ದಿನ ಉಸ್ತುವಾರಿ ಅವನದು. ಅವನ ಪಕ್ಕದಲ್ಲಿ ಎಣ್ಣೆ ಮಾವ ಕೂತಿದ್ದ, ಮಿಲ್ಲಿನ ಯಂತ್ರಗಳಿಗೆ ಜೀವನವಿಡೀ ಎಣ್ಣೆ ಹಾಕಿದ ಮುದುಕ, ಅಪ್ಪನ ಹಳೆಯ ಜೊತೆಗಾರ. ಹೊಗೆ ಕಂಡ ಕೂಡಲೇ ಯಾರ ಮಾತನ್ನೂ ಕೇಳದೆ ನುಗ್ಗಿ ಬಂದಿದ್ದ.

ಅಪ್ಪ ಒಳಗೆ ಬಂದದ್ದು ಹಿಂದಿನ ಬೂದಿ ಬಾಗಿಲಿಂದ ಎಂದು ಎಣ್ಣೆ ಮಾವ ಹೇಳಿದ. ಬೂದಿ ಹೊರಗೆ ಸಾಗಿಸಲು ಗೋಡೆಯಲ್ಲಿ ಇಟ್ಟ ಮೊಣಕೈ ಎತ್ತರದ ಕಬ್ಬಿಣದ ಕದ ಅದು, ಬಾಯ್ಲರಿನವರಿಗೆ ಬಿಟ್ಟು ಬೇರೆಯವರಿಗೆ ಅದು ಬಾಗಿಲೆಂದೇ ಗೊತ್ತಿಲ್ಲ. ಸಿಡಿಮದ್ದಿನವನು ಬೆಳಗ್ಗೆ ಮೂಲೆಮೂಲೆ ನೋಡಿಯೇ ಖಾಲಿ ಎಂದು ಬರೆಸಿದ್ದ. ಈಗ ತನ್ನನ್ನೇ ಶಪಿಸಿಕೊಳ್ಳುತ್ತ, ಅವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಚಿಮ್ನಿಯ ಬುಡದ ಸುತ್ತ ಕೊರೆದ ತೂತುಗಳಿಗೆ ಮದ್ದು ತುಂಬಿಯಾಗಿದೆ. ಅರ್ಧ ತೂತುಗಳು ಬಾಯ್ಲರ್ ಮನೆಯ ಒಳಗೋಡೆಯಲ್ಲಿವೆ, ಅವುಗಳ ತಂತಿಗಳು ಬಾಯ್ಲರಿನ ಮುಂದಿನ ನೆಲದ ಮೇಲೆ ಹಾದು ಹೊರಗೆ ಬರುತ್ತವೆ. ನಿಮ್ಮ ತಂದೆ ಆ ತಂತಿಗಳ ಮಧ್ಯೆ ನಿಂತು ಒಲೆಗೆ ಮುರಿದ ಕಿಟಕಿ ಚೌಕಟ್ಟು ತುರುಕುತ್ತಿದ್ದಾರೆ. ಒಲೆಯ ಬಿಸಿಯೆಲ್ಲ ನೇರ ಹೋಗುವುದು ಚಿಮ್ನಿಯ ಬುಡಕ್ಕೆ, ಮದ್ದು ತುಂಬಿದ ಗೋಡೆಗೆ.

“ಈಗಿರೋ ಉರಿಗೆ ಗೋಡೆ ಕಾಯೋಕೆ ಸ್ವಲ್ಪ ಹೊತ್ತು ಬೇಕು ತಾಯಿ,” ಎಂದ ಅವನು. “ಅವರು ಹೀಗೇ ಹಾಕ್ತಾ ಹೋದ್ರೆ ಆಮೇಲೆ ನನ್ನ ಕೈಲಿಲ್ಲ.”

ಹಾಗಾದರೆ ಹಿಡಿದು ಎಳೆದು ತನ್ನಿ, ನಿಮಗೆ ಇಷ್ಟು ಜನ ಇದ್ದಾರಲ್ಲ ಎಂದು ಅವಳು ಸಿಡುಕಿದಳು. ಅದನ್ನೂ ಮಾಡಿ ನೋಡಿದ್ದರು. ಇಬ್ಬರು ಪೊಲೀಸರು ಒಳಗೆ ಹೋದಾಗ ಅಪ್ಪ ಸಲಿಕೆ ಎತ್ತಿ ಬೀಸಿದ್ದ. ಒಬ್ಬ ಹಿಂದಕ್ಕೆ ಹಾರಿದ ರಭಸಕ್ಕೆ ಅವನ ಬೂಟಿಗೆ ತಂತಿ ಸಿಕ್ಕಿ, ಗೋಡೆಯ ತೂತಿನವರೆಗೆ ಜಗ್ಗಿತ್ತು. ಇನ್ನೊಂದು ಸಲ ಹಾಗೆ ಜಗ್ಗಿದರೆ ಏನಾಗುತ್ತದೆಂದು ತಾನು ಹೇಳಲಾರೆ ಎಂದ ಸಿಡಿಮದ್ದಿನವನು. ಅವನ ಮೇಲ್ದುಟಿಯ ಮೇಲೆ ಬೆವರು ನಿಂತಿತ್ತು.

ಎಣ್ಣೆ ಮಾವನೂ ಬಾಗಿಲವರೆಗೆ ಹೋಗಿ ಕರೆದು ಬಂದಿದ್ದ. ಅಪ್ಪ ಅವನನ್ನು ಕಂಡ ಕೂಡಲೇ ಗುರುತು ಹಿಡಿದನಂತೆ. ಎಣ್ಣೆ ಡಬ್ಬಿ ಹಿಡಿಯುವವನ ಕೈಗೆ ಬೆಂಕಿ ಕೊಡುತ್ತಾರೇನೋ, ಹೋಗೋ ನಿನ್ನ ಕೆಲಸ ನೋಡು ಎಂದು ನಕ್ಕು ಅಟ್ಟಿದನಂತೆ. ಅದನ್ನು ಕೇಳಿ ಅವಳಿಗೆ ಹೊಟ್ಟೆಕಿಚ್ಚಾಯಿತು. ಜೀವ ಬಾಯಿಗೆ ಬಂದಿದ್ದ ಆ ಹೊತ್ತಿನಲ್ಲೂ, ಈ ಎಣ್ಣೆ ಮಾವನನ್ನು ಗುರುತು ಹಿಡಿದನಲ್ಲ, ನಾನೇನು ಪಾಪ ಮಾಡಿದ್ದೆ ಎಂದು ನಾಚಿಕೆಗೆಟ್ಟ ಹೊಟ್ಟೆಕಿಚ್ಚು.

“ಅವನು ಬದಲಿ ಬರೋ ತನಕ ಕದಲಲ್ಲ,” ಎಂದ ಎಣ್ಣೆ ಮಾವ. “ಬಾಯ್ಲರಿನವರ ಪದ್ಧತಿ ಅದು. ಮನೇಲಿ ಹೆಣ ಬಿದ್ದಿದ್ರೂ ಕದಲ್ತಿರ್ಲಿಲ್ಲ.”

ಆ ಪದ್ಧತಿಯನ್ನು ಅವನು ಅವಸರದಲ್ಲಿ ಬಿಡಿಸಿ ಹೇಳಿದ. ಬದಲಿ ಬಂದವನು ಮೊದಲು ನೀರು ನೋಡಬೇಕು, ಆಮೇಲೆ ಬೆಂಕಿ ನೋಡಬೇಕು. ನೀರು ನೋಡಿದೆ, ಬೆಂಕಿ ನೋಡಿದೆ, ಇನ್ನು ನಂದು ಎಂದು ಬಾಯಿಬಿಟ್ಟು ಹೇಳಬೇಕು. ಹೋಗುವವನು ಸಲಿಕೆಯ ಹಿಡಿ ಒರೆಸಿ ಕೊಟ್ಟು, ಇನ್ನು ನಿಂದು ಎಂದು ಹೇಳಿ, ಹಿಂದಕ್ಕೆ ತಿರುಗಿ ನೋಡದೆ ಹೋಗಬೇಕು. ತಿರುಗಿ ನೋಡಿದರೆ ಬಂದವನ ಮೇಲೆ ನಂಬಿಕೆಯಿಲ್ಲ ಎಂದಾಗುತ್ತದೆ. ಬಾಯ್ಲರು ಬಿಸಿಯಿರುವ ತನಕ ಯಾರಾದರೊಬ್ಬರ ಬಾಯಲ್ಲಿ ಅದು ನಂದು ಎನ್ನಿಸಿಕೊಂಡೇ ಇರಬೇಕು.

ಒಂದು ವಿಷಯದಲ್ಲಿ ಮಾತ್ರ ಎಚ್ಚರ ಎಂದು ಅವನು ದನಿ ತಗ್ಗಿಸಿದ. ಆ ಬಾಯ್ಲರಿನಲ್ಲಿ ಈಗ ಒಂದು ತೊಟ್ಟೂ ನೀರಿಲ್ಲ. ಅದು ಅವನಿಗೆ ಇನ್ನೂ ತಿಳಿದಿಲ್ಲ. ನೀರಿಲ್ಲ ಎಂದು ಗೊತ್ತಾದರೆ ಬಾಯ್ಲರಿನವನು ಮಾಡುವ ಮೊದಲ ಕೆಲಸ ಒಲೆಯ ಬೆಂಕಿಯನ್ನೆಲ್ಲ ಎಳೆದು ಹೊರಗೆ ಹಾಕುವುದು, ಇಲ್ಲದಿದ್ದರೆ ಬಾಯ್ಲರು ಸಿಡಿದು ಮಿಲ್ಲೇ ಹಾರಿಹೋಗುತ್ತದೆ. ಎಳೆದ ಕೆಂಡ ಬೀಳುವುದು ತಂತಿಗಳು ಹರಡಿರುವ ಆ ನೆಲದ ಮೇಲೆಯೇ.

“ನೀನೇ ಹೋಗು ಅಂತ ಹೆಂಗೆ ಹೇಳ್ಲಿ ಮಗಳೇ,” ಎಂದ ಎಣ್ಣೆ ಮಾವ. “ಮಿಲ್ಲಿನೋರು ಯಾರು ಹೋದ್ರೂ ಆಗಲ್ಲ, ಯಾರ ಕೆಲಸ ಏನು ಅಂತ ಅವನಿಗೆ ಚೆನ್ನಾಗಿ ಗೊತ್ತು. ಅವನಿಗೆ ಗುರುತೇ ಇಲ್ಲದೋರು ಬೇಕು.” ಹೇಳಿ ಅವನು ನೆಲ ನೋಡಿದ.

ಇಷ್ಟು ತಿಂಗಳು ಅವಳು ಯಾವುದಕ್ಕೆ ಅತ್ತಿದ್ದಳೋ ಅದೇ ಈಗ ಬೇಕಾಗಿತ್ತು. ಪೊಲೀಸರ ಸಾಹೇಬ ಹೆಂಗಸರನ್ನು ಒಳಗೆ ಬಿಡುವುದು ಸಾಧ್ಯವೇ ಇಲ್ಲ ಎಂದು ಅಡ್ಡ ಬಂದ. ಸಿಡಿಮದ್ದಿನವನು ಅವಳ ಮುಖವನ್ನೊಮ್ಮೆ ನೋಡಿ, ಹೊಣೆ ನನ್ನದು ಎಂದು ಅವನನ್ನು ಪಕ್ಕಕ್ಕೆ ಸರಿಸಿದ. ಹಳದಿ ತಂತಿಯ ಮೇಲೆ ಕಾಲಿಡಬಾರದು, ಎಡಗಡೆಯ ಮರಳು ಚೀಲಗಳ ಸಾಲು ಹಿಡಿದು ಹೋಗಬೇಕು ಎಂದು ಹೇಳಿಕೊಟ್ಟ. ತಾನು ಬಾಗಿಲಲ್ಲೇ ಮಲಗಿಕೊಂಡು ತಂತಿ ಕಾಯುತ್ತೇನೆ ಎಂದ. ಅವಳು ಚೀಲವನ್ನು ಎಣ್ಣೆ ಮಾವನ ಕೈಗೆ ಕೊಟ್ಟು, ಕೂದಲಿಗೆ ಬಟ್ಟೆ ಬಿಗಿದು ಕಟ್ಟಿಕೊಂಡು ಒಳಗೆ ಹೋದಳು.

ಒಳಗೆ ಧೂಳು, ಸುಟ್ಟ ಬಣ್ಣದ ನಾತ. ಬಾಯ್ಲರಿನ ಕಬ್ಬಿಣದ ಹೊಟ್ಟೆ ಕತ್ತಲಲ್ಲಿ ಚಾವಣಿಯವರೆಗೆ ಎದ್ದಿತ್ತು, ಅದರ ಕೆಳಗೆ ಒಲೆಯ ಬಾಯಿ ತೆರೆದು ಉರಿಯುತ್ತಿತ್ತು. ಅಪ್ಪ ಆ ಬೆಳಕಿನಲ್ಲಿ ಅಂಗಿ ಕಳಚಿ ನಿಂತಿದ್ದ. ಮನೆಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲಾರದ ಕೈ ಇಲ್ಲಿ ಸಲಿಕೆಯನ್ನು ಚಮಚದ ಹಾಗೆ ಆಡಿಸುತ್ತಿತ್ತು. ಬಾಗಿದ ಬೆನ್ನು ನೆಟ್ಟಗಾಗಿತ್ತು. ಅವನು ಸಂತೋಷವಾಗಿದ್ದ, ಅದು ನೋಡಿದರೇ ತಿಳಿಯುತ್ತಿತ್ತು. ಇವನನ್ನು ಇಲ್ಲಿಂದ ಏಳಿಸುವುದು ಪಾಪ ಎಂದು ಅವಳಿಗೆ ಅನ್ನಿಸಿತು, ಆದರೂ ಹೆಜ್ಜೆ ಮುಂದಿಟ್ಟಳು.

“ಪಾಳಿ ಬದಲಿಗೆ ಬಂದಿದೀನಿ ಮೇಸ್ತ್ರಿ,” ಎಂದಳು.

ಅಪ್ಪ ತಿರುಗಿದ. ಕಣ್ಣು ಕಿರಿದು ಮಾಡಿ ನೋಡಿದ. ಗುರುತು ಹಿಡಿಯಬಾರದು ಎಂದು ಅವಳು ಬೇಡಿಕೊಂಡಳು, ಹಿಡಿದರೆ ಸಾಕಪ್ಪ ಎಂದೂ ಬೇಡಿಕೊಂಡಳು.

“ಹೆಣ್ಣುಮಕ್ಕಳನ್ನ ಯಾವಾಗಿಂದ ತಗೊಂಡ್ರು ಈ ಕೆಲಸಕ್ಕೆ?”

ಗಂಡಸರು ಯಾರೂ ಒಪ್ಪಲಿಲ್ಲವಂತೆ ಎಂದಳು. ಅವನು ಗಟ್ಟಿಯಾಗಿ ನಕ್ಕ. ಒಪ್ಪುವವರಿಗೆ ಬುದ್ಧಿ ಬೇಕಲ್ಲ ಎಂದ. ನಗುತ್ತಲೇ ಬಗ್ಗಿ ಇನ್ನೊಂದು ಚೌಕಟ್ಟನ್ನು ಮೊಣಕಾಲಿಗೆ ಹಾಕಿ ಮುರಿದು ಒಲೆಗೆ ಎಸೆದ. ಒಣ ಕಟ್ಟಿಗೆ ಧಗ್ಗೆಂದು ಹಿಡಿಯಿತು. ಗೋಡೆಯೊಳಗೆ ಹೊಗೆ ಹೋಗುವ ಸುರಂಗದಲ್ಲಿ ಗಾಳಿ ಗುಯ್ಯೆಂದು ಎಳೆಯತೊಡಗಿತು. ಬಾಗಿಲಲ್ಲಿ ಬೋರಲು ಮಲಗಿದ್ದ ಸಿಡಿಮದ್ದಿನವನು ಆ ಸದ್ದಿಗೆ ತಲೆಯೆತ್ತಿದ್ದನ್ನು ಅವಳು ಕಡೆಗಣ್ಣಲ್ಲಿ ಕಂಡಳು.

ಬದಲಿ ಬಂದವಳು ಮೊದಲು ಏನು ನೋಡಬೇಕು ಎಂದು ಅಪ್ಪ ಕೇಳಿದ. ನೀರು ಎಂದಳು. ಹಾಗಾದರೆ ನೋಡು ಎಂದು ಬಾಯ್ಲರಿನ ಮುಖದ ಮೇಲಿದ್ದ, ನೀರಿನ ಮಟ್ಟ ತೋರಿಸುವ ಕೊಳವೆಯನ್ನು ತೋರಿಸಿದ. ಕನ್ನಡಕ ತಂದಿಲ್ಲ, ಅಂದಾಜಿನ ಮೇಲೆ ನಡೆಸುತ್ತಿದ್ದೇನೆ, ಆಫೀಸಿನವರಿಗೆ ಹೇಳಬೇಡ ಎಂದು ಕಳ್ಳನ ಹಾಗೆ ಪಿಸುಗುಟ್ಟಿದ. ಅವಳು ಹತ್ತಿರ ಹೋದಳು. ಕೊಳವೆಯ ಗಾಜು ಯಾವತ್ತೋ ಒಡೆದುಹೋಗಿತ್ತು. ಗಾಜಿದ್ದ ಜಾಗದಲ್ಲಿ ಜೇಡರ ಬಲೆಯಿತ್ತು, ಬಲೆಯ ತುಂಬ ಧೂಳಿತ್ತು.

“ಎಷ್ಟಿದೆ?”

“ಅರ್ಧಕ್ಕಿಂತ ಮೇಲಿದೆ ಮೇಸ್ತ್ರಿ.”

“ಸರಿಯಾಗಿ ನೋಡಿದ್ಯಾ? ನೀರಿನ ವಿಷಯದಲ್ಲಿ ಸುಳ್ಳು ಹೇಳಿದ್ರೆ ಸಾಯೋನು ಒಬ್ಬನಲ್ಲ.”

ನೋಡಿದೆ ಎಂದಳು. ಅಪ್ಪನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ತಾನೇ ನೋಡುತ್ತೇನೆಂದು ಕೊಳವೆಯ ಕಡೆ ಕೈ ಚಾಚಿ ಬಂದ. ಬೆರಳು ಮುಟ್ಟಿದರೆ ಗಾಜಿಲ್ಲವೆಂದು ತಿಳಿದುಹೋಗುತ್ತಿತ್ತು. ಅಷ್ಟರಲ್ಲಿ ಒಲೆಯೊಳಗೆ ಏನೋ ಚಟ್ಟೆಂದು ಸಿಡಿದು, ಉಗುರಿನಷ್ಟು ದೊಡ್ಡ ಕೆಂಡವೊಂದು ಹೊರಗೆ ಹಾರಿ ನೆಲಕ್ಕೆ ಬಿತ್ತು. ಬಿದ್ದ ಜಾಗ ಹಳದಿ ತಂತಿಯಿಂದ ಒಂದು ಗೇಣು. ಅದು ಇಳಿಜಾರಿನಲ್ಲಿ ತಂತಿಯ ಕಡೆಗೇ ಉರುಳಿತು. ಅವಳು ಯೋಚಿಸಲಿಲ್ಲ, ಹಾರಿ ಅದರ ಮೇಲೆ ಕಾಲಿಟ್ಟಳು. ಚಪ್ಪಲಿಯ ಅಟ್ಟೆ ಚುಂಯ್ಯೆಂದಿತು. ಬಿಸಿ ಅಂಗಾಲಿಗೆ ತಾಗಿದರೂ ಹಲ್ಲುಕಚ್ಚಿ ಒತ್ತಿ ಹಿಡಿದಳು.

ಅಪ್ಪ ಚಾಚಿದ ಕೈ ಹಾಗೇ ನಿಂತಿತು. ಅವಳ ಕಾಲನ್ನು ನೋಡಿ ಮೆಚ್ಚಿ ತಲೆಯಾಡಿಸಿದ. ಹೊಸಬರು ಕೆಂಡ ಕಂಡರೆ ಹಿಂದಕ್ಕೆ ಹಾರುತ್ತಾರೆ, ನೀನು ಮುಂದಕ್ಕೆ ಹಾರಿದೆ ಎಂದ. ಯಾರ ಮಗಳು ನೀನು ಎಂದು ಕೇಳಿದ.

“ನಮ್ಮಪ್ಪನೂ ಬಾಯ್ಲರ್ ಕೆಲಸದವರೇ,” ಎಂದಳು.

ಅಪ್ಪನ ಮುಖ ಅರಳಿತು. ಯಾವ ಮಿಲ್ಲು ಎಂದು ಕೇಳಲಿಲ್ಲ, ಪುಣ್ಯ. ನನಗೂ ಒಬ್ಬಳು ಮಗಳಿದ್ದಾಳೆ ಎಂದು ಹೇಳತೊಡಗಿದ. ಶಾಲೆಗೆ ಹೋಗುತ್ತಾಳೆ, ಬಲು ಮೊಂಡು, ಬುತ್ತಿ ತಂದವಳು ಬೂದಿ ಬಾಗಿಲಲ್ಲಿ ಕೂತು ಅರ್ಧ ತಾನೇ ತಿಂದು ಹೋಗುತ್ತಾಳೆ. ಅವಳನ್ನು ಮಾತ್ರ ಈ ಬೆಂಕಿಯ ಮುಂದೆ ನಿಲ್ಲಿಸುವುದಿಲ್ಲ. ನಿಮ್ಮಪ್ಪನ ಎದೆ ದೊಡ್ಡದು, ನಿನ್ನನ್ನು ಕಳಿಸಿದ ಎಂದ. ಅವಳಿಗೆ ಅಲ್ಲಿಯೇ ಕುಸಿದು ಕೂತು ಅಳಬೇಕು ಅನ್ನಿಸಿತು. ಒಂದು ವರ್ಷದಲ್ಲಿ ಅವನ ಬಾಯಲ್ಲಿ ಅವಳ ಸುದ್ದಿ ಬಂದದ್ದು ಇದೇ ಮೊದಲು. ಇನ್ನೂ ಹೇಳು, ಇನ್ನೊಂದು ಮಾತು ಹೇಳು ಎಂದು ಕೇಳುವ ಆಸೆಯಾಯಿತು. ಸುರಂಗದ ಗುಯ್ ಸದ್ದು ಜೋರಾಗುತ್ತಿತ್ತು. ಬಾಗಿಲಿಂದ ಸಿಡಿಮದ್ದಿನವನು ಸಣ್ಣಗೆ ಕೆಮ್ಮಿದ.

ಅಪ್ಪ ಮತ್ತೆ ಚೌಕಟ್ಟಿನ ಕಡೆಗೆ ಬಗ್ಗಿದ. ಹಾಕುವುದು ಇನ್ನು ನನ್ನ ಕೆಲಸ ಎಂದು ಅವಳು ಅಡ್ಡ ನಿಂತಳು. ಬಗ್ಗಿ ಒಲೆಯ ಬಾಯಿಗೆ ಮುಖ ಕೊಟ್ಟು ನೋಡಿದಳು, ಹುಬ್ಬು ಸುಡುವಷ್ಟು ಹತ್ತಿರದಿಂದ, ಅವನಿಗೆ ಅನುಮಾನ ಬರಬಾರದೆಂದು. ಆಮೇಲೆ ನೆಟ್ಟಗೆ ನಿಂತಳು.

“ನೀರು ನೋಡಿದೆ. ಬೆಂಕಿ ನೋಡಿದೆ. ಇನ್ನು ನಂದು.”

ಅವನು ಅವಳ ಮುಖವನ್ನೇ ನೋಡುತ್ತ ನಿಂತ. ಆ ನೋಟ ಮುಗಿಯುವುದೇ ಇಲ್ಲವೇನೋ ಅನ್ನಿಸಿತು. ಕೊನೆಗೆ ಸೊಂಟದ ಬಟ್ಟೆಯಿಂದ ಸಲಿಕೆಯ ಹಿಡಿಯನ್ನು ಮೇಲಿನಿಂದ ಕೆಳಗಿನವರೆಗೆ ಒರೆಸಿ ಅವಳ ಕೈಗೆ ಕೊಟ್ಟ.

“ಇನ್ನು ನಿಂದು,” ಎಂದ. “ಹೆದರ್ಬೇಡ.”

ಸಲಿಕೆ ಕೈಬಿಟ್ಟದ್ದೇ ಅವನ ಬೆನ್ನು ಬಾಗಿತು. ಕಾಲೆಳೆಯುವ ಮುದುಕನಾಗಿ ಬಾಗಿಲ ಕಡೆಗೆ ನಡೆದ. ಚೀಲಗಳ ಸಾಲು ಬಿಟ್ಟು ತಂತಿಗಳ ಮೇಲೆಯೇ ಹೊರಟ. ಕರೆಯುವ ಹಾಗಿರಲಿಲ್ಲ, ಕರೆದರೆ ತಿರುಗಿಯಾನು. ಅವನ ಕಾಲಿನ ಹೆಬ್ಬೆರಳು ಒಂದು ತಂತಿಗೆ ಸಿಕ್ಕಿತು. ತಂತಿ ಎದ್ದು ಬಿಗಿಯಾಗುತ್ತಿದ್ದಂತೆ ಸಿಡಿಮದ್ದಿನವನು ಮಲಗಿದಲ್ಲಿಂದಲೇ ಕೈ ಚಾಚಿ ಅದನ್ನು ಬೆರಳಿಂದ ಬಿಡಿಸಿದ, ಮಗುವಿನ ಕಾಲಿಂದ ಮುಳ್ಳು ತೆಗೆಯುವಷ್ಟು ಮೆಲ್ಲಗೆ. ಅಪ್ಪ ಅದನ್ನು ಗಮನಿಸಲೂ ಇಲ್ಲ. ಹಿಂದಕ್ಕೆ ನೋಡದೆ ಬೆಳಕಿಗೆ ಇಳಿದು ಹೋದ.

ಅವಳು ಮರಳಿನ ಚೀಲ ಹರಿದು ಒಲೆಗೆ ಸುರಿದಳು. ಒಂದಾದ ಮೇಲೆ ಒಂದು, ಕೈ ಬಿದ್ದುಹೋಗುವ ತನಕ. ಬೆಂಕಿ ಕಪ್ಪಾಯಿತು, ಸುರಂಗದ ಸದ್ದು ನಿಂತಿತು. ಸಲಿಕೆಯನ್ನು ಬಾಯ್ಲರಿಗೆ ಒರಗಿಸಿ ಹೊರಗೆ ಬಂದಳು. ಯಾರೋ ಹಿಡಿದು ಕೂರಿಸಿ, ನೀರಿನ ಟ್ಯಾಂಕರಿನ ನಲ್ಲಿ ಬಿಟ್ಟರು. ಮುಖದ ಮಸಿಯನ್ನೆಲ್ಲ ತೊಳೆದುಕೊಂಡಳು, ತಲೆಯ ಬಟ್ಟೆ ಬಿಚ್ಚಿ ಹಿಂಡಿದಳು. ಅಪ್ಪನನ್ನು ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದರೆ ಎಲ್ಲ ಮುಗಿಯುವ ತನಕ ಓಣಿಗಳು ಬಂದ್ ಎಂದರು. ಸಿಡಿಮದ್ದಿನವನು ಗೋಡೆಯ ತೂತುಗಳಿಗೆ ಒಂದೊಂದಾಗಿ ಅಂಗೈಯಿಟ್ಟು ನೋಡಿ, ತಣ್ಣಗಾಗುವ ತನಕ ಕಾದು, ತಂತಿಗಳನ್ನು ಮತ್ತೊಮ್ಮೆ ಪರೀಕ್ಷಿಸಿದ. ಬೂದಿ ಬಾಗಿಲಿಗೂ ಈಗ ಕಾವಲು ನಿಂತಿತು.

ಅಪ್ಪ ಹಗ್ಗದ ಈಚೆ ಯಾರದೋ ಮಡಚುವ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಎಣ್ಣೆ ಮಾವ ಪಕ್ಕದಲ್ಲಿ ನಿಂತಿದ್ದ. ಪಾಳಿ ಮುಗಿಸಿದವನ ದಣಿವು ಅಪ್ಪನ ಮುಖದಲ್ಲಿತ್ತು, ಒಳ್ಳೆಯ ದಣಿವು. ಅವಳು ಹೋಗಿ ಕುರ್ಚಿಯ ಬಳಿ ನೆಲದ ಮೇಲೆ ಕೂತಳು. ಅವನು ಮರ್ಯಾದೆಗೆ ಕಾಲು ಸ್ವಲ್ಪ ಸರಿಸಿಕೊಂಡ. ಇರಲಿ, ಜೀವ ಉಳಿಯಿತಲ್ಲ, ಗುರುತು ಹಿಡಿಯದಿದ್ದರೆ ಕತ್ತೆಬಾಲ ಎಂದುಕೊಂಡಳು. ಎದೆಯ ಮೇಲಿನ ಬಂಡೆ ಇಳಿದಂತಿತ್ತು. ಇನ್ನೇನು ಕೆಡುಕು ಬರಲಿಕ್ಕಿದೆ ಎಂದುಕೊಂಡಳು.

ಎಚ್ಚರಿಕೆಯ ಸೈರನ್ನು ಎರಡು ಸಲ ಕೂಗಿತು. ಆಮೇಲೆ ನೆಲದೊಳಗಿಂದ ಒಂದು ಗುದ್ದು ಬಂತು. ಚಿಮ್ನಿ ಮೊದಲು ಏನೂ ಆಗದ ಹಾಗೆ ನಿಂತಿತ್ತು, ಆಮೇಲೆ ಸೊಂಟ ಮುರಿದು ಮೆಲ್ಲಗೆ ವಾಲಿ, ಒಮ್ಮೆಲೇ ಬಿತ್ತು. ಧೂಳು ಗೋಡೆಯ ಹಾಗೆ ಎದ್ದು ಬಾಯ್ಲರ್ ಮನೆಯನ್ನು ನುಂಗಿತು. ಜನ ಸಿಳ್ಳೆ ಹಾಕಿದರು.

ಅಪ್ಪನ ಕೈಯಿಂದ ಲೋಟ ಜಾರಿತು.

“ಒಳಗೆ ಆ ಹುಡುಗಿ ಇದ್ದಾಳೆ,” ಎಂದ.

ಯಾರೂ ಹಿಡಿಯುವ ಮೊದಲೇ ಎದ್ದು ಹಗ್ಗದ ಕೆಳಗೆ ನುಸುಳಿದ. ಅವಳು ಹಿಂದೆ ಓಡಿ ಸೊಂಟಕ್ಕೆ ಕೈ ಹಾಕಿ ತಬ್ಬಿ ನಿಲ್ಲಿಸಿದಳು. ಅವನು ಕೊಸರಾಡಿದ. ನಾನೇ ಕೊಟ್ಟು ಬಂದೆ, ಹೊಸಬಳು, ಹೆದರಬೇಡ ಎಂದು ಬೇರೆ ಹೇಳಿ ಬಂದೆ ಎಂದು ಒಂದೇ ಸಮನೆ ಹೇಳುತ್ತಿದ್ದ. ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು.

“ನಾನೇ ಅಪ್ಪ ಅದು. ನೋಡು, ಹೊರಗೆ ಬಂದಿದೀನಿ. ನಾನೇ ನಿನ್ನ ಕೈಯಿಂದ ತಗೊಂಡಿದ್ದು.”

ಅವನು ನೋಡಿದ. ತೊಳೆದ ಮುಖ, ಬಿಚ್ಚಿದ ಕೂದಲು, ಎಲ್ಲವನ್ನೂ ತಾಳ್ಮೆಯಿಂದ ನೋಡಿದ. ಆಮೇಲೆ ಅಲ್ಲವೆಂದು ತಲೆಯಾಡಿಸಿದ.

“ನೀನಲ್ಲ ತಾಯಿ,” ಎಂದ. “ಅವಳು ಬಾಯ್ಲರ್ ಕೆಲಸದವನ ಮಗಳು. ಇನ್ನು ನಂದು ಅಂತ ಬಾಯಿಬಿಟ್ಟು ಹೇಳಿದ್ಳು. ಹೇಳಿದ ಮೇಲೆ ಬಿಟ್ಟು ಬರೋವಳಲ್ಲ.”

ಅವಳ ಕೈ ಸಡಿಲವಾಯಿತು. ಇಷ್ಟು ಹೊತ್ತು ಬಿಗಿಹಿಡಿದದ್ದೆಲ್ಲ ಒಡೆದು, ಅವನ ಎದೆಗೆ ಹಣೆಯಿಟ್ಟು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪನ ಕಣ್ಣಲ್ಲೂ ನೀರು ಸುರಿಯುತ್ತಿತ್ತು. ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟು ಸವರಿದ.

“ಅವಳು ನಿನಗೆ ಏನಾಗ್ಬೇಕಮ್ಮ?” ಎಂದು ಕೇಳಿದ.

ಅವಳು ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಅವನು ಒತ್ತಾಯ ಮಾಡಲಿಲ್ಲ. ಧೂಳು ಇಳಿಯುವ ತನಕ ಇಲ್ಲೇ ಕಾಯೋಣ, ಇಬ್ಬರೂ ಸೇರಿ ಹುಡುಕೋಣ ಎಂದ. ಅವಳು ಸರಿ ಎಂದು ಅವನ ಪಕ್ಕದಲ್ಲಿ ನಿಂತಳು.